ಕತ್ತಲಾದ ಮೇಲೆ ಕೋಳಿಗಳು ಏನು ಮಾತಾಡುತ್ತವೆ

ಲೋಕದ ಮಣ್ಣು ಇನ್ನೂ ಪೂರ್ತಿ ಆರಿರದ ಕಾಲ ಅದು. ಎಲ್ಲಿ ಕೂರಬೇಕೆಂದು ಬೆಟ್ಟಗಳು ಆಗಷ್ಟೇ ತೀರ್ಮಾನ ಮಾಡಿದ್ದವು. ಗಾಳಿಗೂ ಹಳ್ಳಕ್ಕೂ ಮರಕ್ಕೂ ಮನುಷ್ಯರಿಗೂ ಒಂದೇ ಭಾಷೆ ಇತ್ತು. ಯಾರು ಯಾರನ್ನು ಬೇಕಾದರೂ ಮಾತಾಡಿಸಬಹುದಿತ್ತು.

ಆಗ ಕೋಳಿಗಳು ಮನೆಯಲ್ಲಿ ಇರುತ್ತಿರಲಿಲ್ಲ, ಬಿದಿರುಮೆಳೆಯಲ್ಲಿ ಇರುತ್ತಿದ್ದವು. ಹಗಲೆಲ್ಲ ತರಗೆಲೆ ಕೆದರಿ ಹುಳ ಹೆಕ್ಕುವುದು, ಸಂಜೆಯಾದರೆ ಕೊಂಬೆ ಹತ್ತಿ ಕೂರುವುದು. ಕತ್ತಲಾದ ಮೇಲೆ ಒಂದು ಕೋಳಿಯೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಮರಿ ಮೊಟ್ಟೆಯೊಡೆದು ಬಂದ ದಿನವೇ ತಾಯಿ ಅದನ್ನು ಕಲಿಸಿಬಿಡುತ್ತಿತ್ತು. "ಕತ್ತಲಾದ ಮೇಲೆ ಬಾಯಿ ಬಿಡಬೇಡ. ಬಾಯಿ ಬಿಟ್ಟರೆ ಕಾಡುಬೆಕ್ಕಿಗೆ ಕೇಳಿಸುತ್ತೆ."

ಆ ಕಾಲದಲ್ಲಿ, ಒಂದು ದೊಡ್ಡ ಬಂಡೆಯ ಮಗ್ಗುಲಲ್ಲಿ ಸಿರಿಯವ್ವ ಎಂಬ ಹೆಂಗಸು ಒಬ್ಬಳೇ ಇದ್ದಳು.

ಮೊದಲಿಂದ ಒಬ್ಬಳೇ ಇದ್ದವಳಲ್ಲ. ಅವಳದು ಕುರಿ ಮೇಕೆ ಮೇಯಿಸುವ ಜನ. ಹುಲ್ಲು ಎಲ್ಲಿದೆಯೋ ಅಲ್ಲೇ ಅವರ ಹಟ್ಟಿ. ಒಂದು ಸಲ ಬಂಡೆಯ ಸಂದಿಗೆ ಬಿದ್ದ ಮೇಕೆಮರಿಯನ್ನು ಎತ್ತಲು ಹೋಗಿ ಸಿರಿಯವ್ವನ ಕಾಲು ಮುರಿಯಿತು. ಹುಲ್ಲು ಮುಗಿದಿತ್ತು, ಕುರಿಗಳು ಹಸಿದಿದ್ದವು, ಜನ ಹೊರಡಲೇಬೇಕಿತ್ತು. ಅವಳ ಅಣ್ಣ ಅವಳಿಗೊಂದು ಗುಡಿಸಲು ಕಟ್ಟಿಕೊಟ್ಟ. ಗುಡಾಣದ ತುಂಬ ನವಣೆ ಇಟ್ಟ.

"ತಂಗೀ, ಕಾಲು ಕೂಡಿಕೊಳ್ಳಲಿ. ಮಳೆ ಬಿದ್ದ ಮೇಲೆ ಬರ್ತೀವಿ," ಎಂದ.

ಮಳೆ ಬಿತ್ತು. ಹುಲ್ಲು ಬಂತು. ಹುಲ್ಲು ಒಣಗಿತು. ಅವರು ಬರಲಿಲ್ಲ.

ಕಾಲು ಹೇಗೋ ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ಸಿರಿಯವ್ವ ಕುಂಟುತ್ತ ನವಣೆ ಬಿತ್ತಿದಳು, ಕುಂಟುತ್ತ ಕೊಯ್ದಳು. ದುಡಿಮೆಗೆ ಅವಳು ಹೆದರಿದವಳಲ್ಲ. ಆದರೆ ಮುದ್ದೆ ಕಟ್ಟಿ ತಣಿಗೆಗೆ ಹಾಕಿಕೊಂಡು ಕೂತಾಗ, "ಇನ್ನೊಂಚೂರು ಹಾಕ್ಲಾ?" ಎಂದು ಕೇಳಲು ಎದುರಿಗೆ ಯಾರೂ ಇರುತ್ತಿರಲಿಲ್ಲ.

ಒಂದು ದಿನ ಗಾಳಿ ಬಂತು. ಸಿರಿಯವ್ವ ಕೇಳಿದಳು, "ಗಾಳಿಯಪ್ಪಾ, ಸ್ವಲ್ಪ ಹೊತ್ತು ಇರ್ತೀಯಾ?"

"ಇರಬೇಕು ಅಂತ ನನಗೂ ಆಸೆ ಕಣವ್ವ," ಎಂದಿತು ಗಾಳಿ. "ಆದರೆ ನಿಂತರೆ ನಾನು ಗಾಳಿ ಹೇಗಾದೇನು?" ಎನ್ನುತ್ತಲೇ ಹೊರಟುಹೋಯಿತು.

ಸಿರಿಯವ್ವ ಹಳ್ಳಕ್ಕೆ ಹೋದಳು. "ಹಳ್ಳದವ್ವಾ, ಸ್ವಲ್ಪ ಹೊತ್ತು ಇರ್ತೀಯಾ?"

"ನಿಂತರೆ ನಾರುತ್ತೀನಿ ಮಗಳೇ," ಎಂದಿತು ಹಳ್ಳ. ಅದೂ ಹರಿದುಹೋಯಿತು.

ಬಂಡೆ ಎಲ್ಲಿಗೂ ಹೋಗುತ್ತಿರಲಿಲ್ಲ. ಆದರೆ ಬಂಡೆ ಮಾತಾಡುತ್ತಿರಲಿಲ್ಲ. ಮಾತು ಬರುತ್ತಿರಲಿಲ್ಲವೆಂದಲ್ಲ, ಅದಕ್ಕೆ ಹೇಳುವಂಥದ್ದು ಏನೂ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಗಾಳಿ ಮತ್ತೆ ಬಂತು. ಈ ಸಲ ಅದೇ ಮೊದಲು ಮಾತಾಡಿತು. "ಸಿರಿಯವ್ವಾ, ಬೆಟ್ಟದ ಕೆಳಗಿನ ಬಿದಿರುಮೆಳೆಯಲ್ಲಿ ಕಾಡುಬೆಕ್ಕು ತಾಯಿಕೋಳಿಯನ್ನು ಹೊತ್ತುಕೊಂಡು ಹೋಯಿತು. ಮೂರು ಹ್ಯಾಟೆಗಳು ಉಳಿದಿವೆ. ಇನ್ನೂ ಮೊಟ್ಟೆ ಇಡದ ಹುಡುಗಿಯರು. ಎಲ್ಲಿಗೆ ಹೋಗಬೇಕೋ ತಿಳಿಯದೆ ಒಂದೇ ಕೊಂಬೆ ಮೇಲೆ ಕೂತಿವೆ."

ಸಿರಿಯವ್ವ ಬುಟ್ಟಿ ತಗೊಂಡಳು, ಹಳೆ ಸೀರೆಯ ತುಂಡೊಂದನ್ನು ಹೆಗಲಿಗೆ ಹಾಕಿಕೊಂಡಳು. ಇಳಿಜಾರಿನಲ್ಲಿ ಸೊಟ್ಟ ಕಾಲು ನೋಯುತ್ತಿತ್ತು. ಅಲ್ಲಲ್ಲಿ ಕೂತು, ಎದ್ದು, ಬಿದಿರುಮೆಳೆ ಮುಟ್ಟಿದಳು.

ಮೂರೂ ಅಲ್ಲೇ ಇದ್ದವು. ಒಂದು ಕೆಂಚು ಬಣ್ಣದ್ದು, ಒಂದು ಕಪ್ಪು, ಇನ್ನೊಂದರ ಮೈತುಂಬ ಚುಕ್ಕಿ. ಸಿರಿಯವ್ವ ನಿಂತಲ್ಲೇ ಅವಕ್ಕೆ ಹೆಸರಿಟ್ಟಳು. ಕೆಂಚಿ, ಕಾಳಿ, ಚುಕ್ಕಿ.

"ಬಿದಿರಮ್ಮಾ, ಇವನ್ನ ನಾನು ಕರಕೊಂಡು ಹೋಗಲಾ?"

"ಕರಕೊಂಡು ಹೋಗವ್ವ," ಎಂದಿತು ಬಿದಿರು. "ನನ್ನ ಹತ್ತಿರ ಕೊಂಬೆಗಳಿವೆ, ಬಾಗಿಲಿಲ್ಲ. ಬೆಕ್ಕಿಗೆ ಅಡ್ಡ ನಿಲ್ಲೋಕೆ ನನಗೆ ಆಗಲಿಲ್ಲ. ನಾಲ್ಕು ಗಳ ಮುರಕೊಂಡು ಹೋಗು, ಬಾಗಿಲಿಗಾಗುತ್ತೆ."

ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ ಸಿರಿಯವ್ವ ಬೆಟ್ಟ ಹತ್ತಿದಳು. ಬುಟ್ಟಿಯೊಳಗೆ ಮೂರು ಎದೆಗಳು ಡವಡವ ಹೊಡೆದುಕೊಳ್ಳುವುದು ಅವಳ ಕೈಗೆ ತಿಳಿಯುತ್ತಿತ್ತು. "ಹೆದರಬೇಡ್ರೇ, ಹೆದರಬೇಡ್ರೇ," ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಳು. ಅಷ್ಟು ಮಾತನ್ನು ಅವಳು ಆ ವರ್ಷವಿಡೀ ಆಡಿರಲಿಲ್ಲ.

ಬಂಡೆಗೆ ಒತ್ತಿಕೊಂಡಂತೆ ಕಲ್ಲು ಜೋಡಿಸಿ, ಸಂದಿಗೆಲ್ಲ ಕೆಸರು ಮೆತ್ತಿ ಗೂಡು ಕಟ್ಟಿದಳು. ಕೂರಲು ಒಳಗೊಂದು ಅಡ್ಡಗೋಲು ಹಾಕಿದಳು. ಹೇನು ಹತ್ತದಿರಲಿ ಎಂದು ಒಲೆಯ ಬೂದಿ ಹರಡಿದಳು. ಬಿದಿರು ಸೀಳಿ ಬಾಗಿಲು ಹೆಣೆದಳು. ಲೋಕದಲ್ಲಿ ಕೋಳಿಗೆಂದು ಕಟ್ಟಿದ ಮೊದಲ ಗೂಡು ಅದು. ಒಂದು ಮೂಲೆ ಕುಸಿದಿತ್ತು, ಅದನ್ನು ಮತ್ತೆ ಕಟ್ಟಬೇಕಾಯಿತು.

ಹ್ಯಾಟೆಗಳನ್ನು ಒಳಗೆ ಬಿಟ್ಟಳು. ಅವು ಅಡ್ಡಗೋಲು ಹತ್ತಲಿಲ್ಲ. ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡು, ಕಣ್ಣು ಪಿಳಿಪಿಳಿ ಬಿಡುತ್ತ ಅವಳನ್ನೇ ನೋಡಿದವು. ನವಣೆ ಎರಚಿದಳು, ಮುಟ್ಟಲಿಲ್ಲ. ನೀರಿಟ್ಟಳು, ಕುಡಿಯಲಿಲ್ಲ. ಅವಳು ಹತ್ತಿರ ಬಂದರೆ ಗೋಡೆಯೊಳಗೇ ಹೊಕ್ಕುಬಿಡುವ ಹಾಗೆ ಹಿಂದೆ ಸರಿದವು.

ಸಿರಿಯವ್ವ ಗುಡಿಸಲಿಗೆ ಹೋಗಿ ಕೂತಳು. ಯಾರೂ ಇಲ್ಲದಾಗ ಅವಳು ಒಂಟಿಯಾಗಿದ್ದಳು ನಿಜ. ಈಗ ಬಾಗಿಲಾಚೆ ಮೂರು ಜೀವ ಇವೆ, ಮೂರಕ್ಕೂ ಅವಳೆಂದರೆ ಭಯ. ಇದು ಇನ್ನೂ ಕೆಟ್ಟ ಒಂಟಿತನ ಎನಿಸಿತು.

ಬೆಳಿಗ್ಗೆ ಹಳ್ಳಕ್ಕೆ ಹೋಗಿ ದೂರು ಹೇಳಿದಳು. "ಹಳ್ಳದವ್ವಾ, ಅವು ನನ್ನ ನೋಡಿದರೆ ನಡುಗ್ತಾವೆ. ಬಿಟ್ಟುಬಿಡಲಾ?"

"ಬಿಡಬೇಡ," ಎಂದಿತು ಹಳ್ಳ. "ಇದು ನನ್ನ ದಾರಿ ಅಂತ ನನಗೇನು ಒಂದೇ ದಿನಕ್ಕೆ ಗೊತ್ತಾಯಿತಾ? ಹರಿದು ಹರಿದು ಗೊತ್ತಾಯಿತು. ಅವುಗಳ ಕಾಲಿಗೆ ಜಾಗ ಗೊತ್ತಾಗುವ ತನಕ ಬಾಗಿಲು ತೆಗೀಬೇಡ. ಅಳಲಿ, ಸಿಟ್ಟಾಗಲಿ, ತೆಗೀಬೇಡ. ಕಾಲಿಗೆ ಗೊತ್ತಾದ ಮೇಲೆ, ಹೊತ್ತು ಇಳಿಯುವಾಗ ಸ್ವಲ್ಪವೇ ಸ್ವಲ್ಪ ಬಿಡು."

ಸಿರಿಯವ್ವ ತಲೆಯಾಡಿಸಿ ಬಂದಳು.

ದಿನಗಳು ಹೋದವು. ಮೊದಲು ಹತ್ತಿರ ಬಂದವಳು ಚುಕ್ಕಿ. ಬಾಗಿಲ ಸಂದಿಯಿಂದ ಕತ್ತು ಚಾಚಿ ಸಿರಿಯವ್ವನ ಅಂಗೈಯಿಂದ ಒಂದು ಕಾಳು ಹೆಕ್ಕಿದಳು. ಇನ್ನೊಂದು ಕಾಳು ಹೆಕ್ಕಿದಳು. ಅಂಗೈಗೆ ಕಚಗುಳಿಯಾಗಿ ಸಿರಿಯವ್ವ ನಕ್ಕಳು. ತನ್ನ ನಗು ತನಗೇ ಹೊಸದಾಗಿ ಕೇಳಿಸಿತು. ಚುಕ್ಕಿಯನ್ನು ನೋಡಿ ಕೆಂಚಿ ತಿಂದಳು, ಕೆಂಚಿಯನ್ನು ನೋಡಿ ಕಾಳಿ ತಿಂದಳು. ಆ ಸಂಜೆ ಮೂವರೂ ಅಡ್ಡಗೋಲು ಹತ್ತಿದರು. ಚುಕ್ಕಿ ನಡುವೆ ಕೂತಳು, ಅಕ್ಕಪಕ್ಕ ಅವರಿಬ್ಬರು.

ಮರುದಿನ ಚುಕ್ಕಿ ಕೇಳಿದಳು, "ಅವ್ವಾ, ಬಾಗಿಲು ತೆಗೀತೀಯಾ?"

ಅವ್ವಾ ಎಂದುಬಿಟ್ಟಳಲ್ಲ! ಸಿರಿಯವ್ವನಿಗೆ ಬೇರೆ ಏನೂ ಕೇಳಿಸಲಿಲ್ಲ. ಹಳ್ಳ ಹೇಳಿದ್ದು ನೆನಪಿತ್ತು. ಆದರೆ ತೆಗೆಯದಿದ್ದರೆ ಇವಳು ನಾಳೆ ಅಂಗೈಗೆ ಬರದೇ ಹೋದರೆ? ಬಿಸಿಲು ಇನ್ನೂ ಏರುತ್ತಿತ್ತು. ಸಿರಿಯವ್ವ ಬಾಗಿಲು ತೆಗೆದಳು.

ಎಂಥ ಸಂಭ್ರಮ ಅವಕ್ಕೆ! ರೆಕ್ಕೆ ಬಡಿದವು, ಮಣ್ಣಲ್ಲಿ ಹೊರಳಿದವು, ಕೆದರಿ ಕೆದರಿ ಅಂಗಳದ ತುಂಬ ಗುಂಡಿ ಮಾಡಿದವು. ಸಿರಿಯವ್ವ ಹೊಸ್ತಿಲ ಮೇಲೆ ಕೂತು ಕಣ್ತುಂಬ ನೋಡಿದಳು. ಹೊತ್ತು ಇಳಿಯಿತು. ಕೆಂಚಿ ಬಂದಳು, ಅವಳ ಹಿಂದೆ ಕಾಳಿ ಬಂದಳು. ಚುಕ್ಕಿ ಬರಲಿಲ್ಲ.

"ಚುಕ್ಕೀ! ಬಾರೇ ಚುಕ್ಕೀ!"

ಓ ಎನ್ನುವವರಿಲ್ಲ. ಸಿರಿಯವ್ವ ನವಣೆ ಹೊಲದ ಸುತ್ತ ಹುಡುಕಿದಳು. ಹಳ್ಳದ ದಂಡೆಯಲ್ಲಿ ಹುಡುಕಿದಳು. ಹೊಲದ ಬದುವಿನ ಜಾಲಿಮರದ ಕೆಳಗೆ ನಿಂತೂ ಕೂಗಿದಳು. ಮೇಲೆ ನೋಡಿದರೆ ಎಲೆಯೋ ನೆರಳೋ ತಿಳಿಯುತ್ತಿರಲಿಲ್ಲ. "ಎಲ್ಲಿದ್ದೀಯೇ ನನ್ನವ್ವಾ? ಒಂದೇ ಒಂದು ಸಲ ಓ ಅನ್ನೇ, ನಾನೇ ಬಂದು ಎತ್ತಿಕೊಂಡು ಹೋಗ್ತೀನಿ!" ಕೂಗಿ ಕೂಗಿ ಗಂಟಲು ಕಟ್ಟಿತು. ಕಣ್ಣಿಗೆ ದಾರಿ ಕಾಣದಾದ ಮೇಲೆ ಕುಂಟುತ್ತ ಹಿಂದೆ ಬಂದಳು.

ಬೆಳಗಾದಾಗ ಜಾಲಿಮರದ ಕೆಳಗೆ ಚುಕ್ಕಿಚುಕ್ಕಿಯ ಪುಕ್ಕಗಳು ಬಿದ್ದಿದ್ದವು.

ಸಿರಿಯವ್ವ ಅಲ್ಲೇ ಕುಸಿದು ಕೂತಳು. ಜಾಲಿಮರ ಮೆಲ್ಲಗೆ ಹೇಳಿತು, "ಇಲ್ಲೇ ಇದ್ದಳವ್ವ. ನನ್ನ ಮೇಲಿನ ಕೊಂಬೆಯಲ್ಲೇ ಇದ್ದಳು. ನೀನು ಕೂಗಿದ್ದು ಅವಳಿಗೆ ಕೇಳಿಸಿತು."

"ಮತ್ತೆ ಯಾಕೆ ಓಗೊಡಲಿಲ್ಲ?"

"ನಾನೂ ಹೇಳಿದೆ, ಓ ಅನ್ನು ಮಗಾ ಅಂತ. ಕತ್ತಲಾದ ಮೇಲೆ ಬಾಯಿ ಬಿಡಬೇಡ ಅಂತ ನಮ್ಮಮ್ಮ ಹೇಳಿದಾಳೆ ಅಂದಳು. ಮೆಲ್ಲಗೆ, ನನ್ನ ಕಿವಿಯಲ್ಲಿ ಅಂದಳು. ಆಮೇಲೆ ಅದೂ ಇಲ್ಲ."

"ನೀನಾದರೂ ಕೂಗಿ ಹೇಳಬಾರದಿತ್ತಾ?"

"ಗಾಳಿ ಇಲ್ಲದೆ ನನಗೆ ಕೆಳಗೆ ಕೇಳುವಷ್ಟು ದನಿ ಇಲ್ಲ ತಾಯಿ. ನೆನ್ನೆ ಸಂಜೆ ಗಾಳಿ ಬೆಟ್ಟದ ಆಚೆ ಇತ್ತು."

ಸಿರಿಯವ್ವ ಪುಕ್ಕಗಳನ್ನು ಆಯ್ದು ಮಡಿಲಲ್ಲಿ ಇಟ್ಟುಕೊಂಡಳು. ಅಳಲಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಮರಿ ಉಳಿಯಲಿ ಎಂದೇ ತಾಯಿ ಆ ಮಾತು ಹೇಳಿದ್ದಳು. ಮರಿ ಅದನ್ನು ಮರೆಯದೆ ನಡೆಸಿದ್ದಳು.

ಮನೆಗೆ ಬಂದು ಗೂಡಿನ ಬಾಗಿಲು ಭದ್ರ ಮಾಡಿದಳು. ಒಳಗೆ ಕೆಂಚಿ ಅಡ್ಡಗೋಲಿನ ಈ ತುದಿಯಲ್ಲಿ, ಕಾಳಿ ಆ ತುದಿಯಲ್ಲಿ. ನಡುವಿನ ಜಾಗ ಖಾಲಿ. ತಿಳಿಯಬೇಕಾದ್ದು ಮೂವರಿಗೂ ತಿಳಿದಿತ್ತು.

ಆ ಸಂಜೆ ಸಿರಿಯವ್ವ ಗುಡಿಸಲಿಗೆ ಹೋಗಲಿಲ್ಲ. ಗೂಡಿನ ಗೋಡೆಗೆ ಬೆನ್ನು ಕೊಟ್ಟು ಕೂತಳು. ಕತ್ತಲು ಇಳಿಯುತ್ತಿದ್ದಂತೆ ಕೇಳಿದಳು, "ಕೆಂಚೀ, ಇದ್ದೀಯಾ?"

ಉತ್ತರ ಇಲ್ಲ.

"ಕಾಳೀ, ಇದ್ದೀಯಾ?"

ಉತ್ತರ ಇಲ್ಲ.

ರೂಢಿಯಿಂದ ಇನ್ನೊಂದು ಹೆಸರೂ ಬಾಯಿಗೆ ಬಂತು. "ಚುಕ್ಕೀ..." ಎಂದು ಸುಮ್ಮನಾದಳು.

ಮರುಸಂಜೆಯೂ ಕೂತಳು, ಮರುಸಂಜೆಯೂ ಕೇಳಿದಳು. ಒಳಗೆ ಉಸಿರಾಡುವುದು ಮಾತ್ರ ಕೇಳಿಸುತ್ತಿತ್ತು.

"ನೋಡ್ರೇ," ಎಂದಳು ಗೋಡೆಯ ಕಡೆ ಮುಖ ತಿರುಗಿಸಿ. "ನಿಮ್ಮಮ್ಮ ಹೇಳಿದ್ದು ಸುಳ್ಳಲ್ಲ. ಮೆಳೆಯಲ್ಲಿ ಆ ಮಾತೇ ಸರಿ. ಆದರೆ ಇಲ್ಲಿ ಗೋಡೆ ಇದೆ, ಬಾಗಿಲಿದೆ, ಬಾಗಿಲ ಹೊರಗೆ ನಾನಿದ್ದೀನಿ. ಬೆಕ್ಕಿಗೆ ಕೇಳಿದರೆ ಕೇಳಲಿ ಬಿಡಿ. ನನಗೂ ಕೇಳಬೇಕಲ್ಲ? ನೀವು ಓಗೊಡದಿದ್ದರೆ, ಇದ್ದೀರೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು?"

ಆಮೇಲೆ ಗೋಡೆಯ ಒಳಗಿಂದ, ಗಂಟಲಿನ ಬುಡದಲ್ಲಿ, ಕೊಕ್ಕು ಬಿಚ್ಚದೆಯೇ ಬಂದ ಹಾಗೆ ಒಂದು ಸಣ್ಣ ಸದ್ದು.

"ಕುರ್ರ್..."

ಅದು ಕೆಂಚಿ. ಸದ್ದು ಮಾಡಿ, ತಾನೇ ಬೆಚ್ಚಿ ಸುಮ್ಮನಾದಳು. ಬೆಕ್ಕು ಬರಲಿಲ್ಲ. ಗೋಡೆ ಬೀಳಲಿಲ್ಲ. ಆಗ ಅಡ್ಡಗೋಲಿನ ಇನ್ನೊಂದು ತುದಿಯಿಂದ ಕಾಳಿ, "ಕುರ್ರ್..." ಎಂದಳು. ಹೆಜ್ಜೆ ಸರಿಯುವ ಸದ್ದಾಯಿತು. ಎರಡೂ ಒಂದರ ಪಕ್ಕ ಒಂದು ಬಂದು ಕೂತವು.

ಅಂದಿನಿಂದ ದಿನಾ ಸಂಜೆ ಹೀಗೇ. ಸಿರಿಯವ್ವ ಕೇಳುವಳು, ಅವು ಓಗೊಡುವವು. ಮೂರನೆಯ ಹೆಸರು ಬಂದಾಗ ಮೂವರೂ ಸ್ವಲ್ಪ ಹೊತ್ತು ಸುಮ್ಮನಿರುವರು. ಓಗೊಡುವವಳು ಇಲ್ಲವೆಂದು ಗೊತ್ತು. ಆದರೂ ಅವಳ ಪಾಲಿನ ಹೊತ್ತನ್ನು ಅವಳಿಗೆ ಬಿಡುತ್ತಿದ್ದರು.

ಈ ಸಲ ಸಿರಿಯವ್ವ ಅವಸರ ಮಾಡಲಿಲ್ಲ. ಕಾಲಿಗೆ ಜಾಗ ಗೊತ್ತಾಗುವ ತನಕ ಕಾದಳು. ಆಮೇಲೆ ಒಂದು ದಿನ ಹೊತ್ತು ಇಳಿಯುವಾಗ ಬಾಗಿಲು ತೆಗೆದಳು. ಕೆಂಚಿ, ಕಾಳಿ ಅಂಗಳದಲ್ಲಿ ನಾಲ್ಕು ಕಾಳು ಹೆಕ್ಕಿದವು. ಆಕಾಶ ನೋಡಿದವು. ಯಾರೂ ಕರೆಯದೆಯೇ ತಾವಾಗಿ ಗೂಡಿಗೆ ಹೋಗಿ ಅಡ್ಡಗೋಲು ಹತ್ತಿದವು.

ಸಿರಿಯವ್ವ ಬಾಗಿಲು ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಸಮಾಧಾನದಿಂದ ಮೈ ಸಡಿಲವಾಗಿತ್ತು. ಕೇಳುವುದನ್ನೇ ಮರೆತಳು.

ಆಗ ಒಳಗಿಂದ ಕಾಳಿ ಕೇಳಿದಳು, "ಅವ್ವಾ, ನೀನು ಇದ್ದೀಯಾ?"

ಆ ಮಾತನ್ನು ಅವಳಿಗೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಸಿರಿಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇದ್ದೀನಿ ಕಣವ್ವ," ಎಂದಳು. "ಇದ್ದೀನಿ."

ಮೆಳೆಯ ಹುಂಜವೊಂದು ಇವರ ಸದ್ದು ಕೇಳಿ ಹುಡುಕಿಕೊಂಡು ಬಂತು. ಮೊಟ್ಟೆಗಳಾದವು, ಮರಿಗಳಾದವು. ಮರಿಗಳಿಗೆ ಕೆಂಚಿ, ಕಾಳಿ ಹೊಸ ಪಾಠ ಕಲಿಸಿದವು. ಹೊರಗಿದ್ದರೆ ಬಾಯಿ ಮುಚ್ಚು, ಗೂಡಲ್ಲಿದ್ದರೆ ಓಗೊಡು.

ಎಷ್ಟೋ ಮಳೆ ಕಳೆದ ಮೇಲೆ, ಸಿರಿಯವ್ವನ ತಲೆ ಬೆಳ್ಳಗಾದ ಮೇಲೆ, ಅವಳ ಜನ ಬಂದರು. ಅಣ್ಣ ಮುದುಕನಾಗಿದ್ದ. ತಂಗಿಯ ಸೊಟ್ಟ ಕಾಲನ್ನು ನೋಡಿ ತಲೆ ತಗ್ಗಿಸಿದ.

"ಆ ವರ್ಷ ಹುಲ್ಲು ನಮ್ಮನ್ನ ಬಹಳ ದೂರ ಎಳಕೊಂಡು ಹೋಯಿತು ತಂಗೀ. ಹಿಂದಕ್ಕೆ ಬರೋ ದಾರಿ ಸಿಗಲಿಲ್ಲ. ಈಗಲಾದರೂ ಬಾ, ಹೋಗೋಣ."

ಸಿರಿಯವ್ವ ಅವನಿಗೆ ಮುದ್ದೆ ಬಡಿಸಿದಳು. "ಇನ್ನೊಂಚೂರು ಹಾಕ್ಲಾ ಅಣ್ಣ?" ಎಂದು ಕೇಳಿ ಬಡಿಸಿದಳು. ಅವನು ಉಂಡು ಮುಗಿಸಿದ ಮೇಲೆ ಹೇಳಿದಳು, "ನಾನು ಬರೋಕಾಗಲ್ಲ ಅಣ್ಣ. ಸಂಜೆಯಾದರೆ ಇವು ಕೇಳ್ತಾವೆ. ಯಾರಾದರೂ ಓಗೊಡಬೇಕಲ್ಲ."

ಅವರಿಗೆಲ್ಲ ಬುಟ್ಟಿಯಲ್ಲಿ ಹ್ಯಾಟೆಗಳನ್ನು ಹಾಕಿ ಕೊಟ್ಟಳು. "ಕಾಲಿಗೆ ಜಾಗ ಗೊತ್ತಾಗೋ ತನಕ ಬಾಗಿಲು ತೆಗೀಬೇಡ್ರಪ್ಪ. ಸಂಜೆ ಹೊತ್ತು ಹೊರಗೆ ಕೂತು ಮಾತಾಡಿಸ್ರಿ," ಎಂದು ಒಬ್ಬೊಬ್ಬರಿಗೂ ಹೇಳಿದಳು. ಅವರು ಹೋದರು. ಹೋದಲ್ಲೆಲ್ಲ ಗೂಡು ಕಟ್ಟಿದರು. ಕೋಳಿಗಳು ಹೀಗೆ ಲೋಕದ ಎಲ್ಲ ಮನೆಗಳಿಗೂ ಬಂದವು.

ಸಿರಿಯವ್ವ ಅಲ್ಲೇ ಉಳಿದಳು. ಒಂದು ಸಂಜೆ ಗೂಡಿನೊಳಗಿಂದ ಅವು ಕೇಳಿದವು, "ಅವ್ವಾ, ಇದ್ದೀಯಾ?" ಗೋಡೆಯಾಚೆ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದವು. ಗಾಳಿ ಬಂದು ಹೋಯಿತು. ಹಳ್ಳ ಹರಿಯುತ್ತಲೇ ಇತ್ತು. ಮಾರನೆಯ ಸಂಜೆಯೂ ಕೇಳಿದವು.

ಆಮೇಲೆ ಲೋಕ ಹಳತಾಯಿತು. ಗಾಳಿಯ ಭಾಷೆ ಬೇರೆಯಾಯಿತು, ಮರದ ಭಾಷೆ ಬೇರೆಯಾಯಿತು, ಕೋಳಿಯ ಮಾತು ನಮಗೆ ತಿಳಿಯದಾಯಿತು. ಆದರೂ ಮಗೂ, ಸಂಜೆ ನೀನು ಹೊಸ ಹ್ಯಾಟೆಗಳನ್ನು ಗೂಡಿಗೆ ಬಿಟ್ಟು ಬಾಗಿಲು ಹಾಕಿದ ಮೇಲೆ ಅಲ್ಲೇ ಸ್ವಲ್ಪ ಹೊತ್ತು ನಿಂತು ನೋಡು, ಒಳಗೆ ಒಂದು ಹ್ಯಾಟೆ ಕುರ್ರ್ ಎಂದು, ಇದ್ದೀಯಾ ಅಂತ ಕೇಳುತ್ತದೆ, ಇನ್ನೊಂದು ಕುರ್ರ್ ಎಂದು ಓಗೊಡುತ್ತದೆ, ಆಮೇಲೆ ಎಲ್ಲವೂ ಒಂದು ಗಳಿಗೆ ಸುಮ್ಮನಾಗಿ ಓಗೊಡಲಾರದವರಿಗಾಗಿ ಕಾದು, ಮತ್ತೆ ಮೊದಲಿಂದ ಕೇಳತೊಡಗುತ್ತವೆ.